ಮೂರು ದಿನ ತೂಗಿದ ರೋಟವೇಟರ್

ಭಟ್ಕಳ ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಬಟ್ಟೆ ಅಳೆದ ಮುಟ್ಟಳ್ಳಿಯ ಮಾಬ್ಲೇಶ್ವರ ನಾಯ್ಕನಿಗೆ ಕನ್ನಡ, ಕೊಂಕಣಿ, ನವಾಯತಿ ಮತ್ತು ಅಷ್ಟಿಷ್ಟು ಉರ್ದು, ಹೀಗೆ ನಾಲ್ಕು ಭಾಷೆ ಬರುತ್ತಿತ್ತು. ಈ ನಾಲ್ಕರಲ್ಲಿ ಒಂದರಲ್ಲೂ 'ಗೊತ್ತಿಲ್ಲ' ಎನ್ನಲು ಬರುತ್ತಿರಲಿಲ್ಲ. ಅದನ್ನು ಅವನ ದೋಷವೆನ್ನುವ ಹಾಗಿಲ್ಲ, ಕಸುಬು ಕಲಿಸಿದ್ದು. "ಇದರ ಬಣ್ಣ ಹೋಗ್ತದಾ?" ಎಂದು ಗಿರಾಕಿ ಕೇಳಿದಾಗ ಗೊತ್ತಿಲ್ಲ ಎಂದವನನ್ನು ಯಾವ ಸಾಹುಕಾರ ಇಟ್ಟುಕೊಳ್ಳುತ್ತಾನೆ? "ಬಟ್ಟೆ ಹೋದ್ರೂ ಬಣ್ಣ ಹೋಗೂದಿಲ್ಲ" ಎಂದವನು ಇಪ್ಪತ್ತಾರು ವರ್ಷ ಉಳಿಯುತ್ತಾನೆ.

ಎರಡು ವರ್ಷದ ಹಿಂದೆ ಸಾಹುಕಾರರಿಗೆ ವಯಸ್ಸಾಗಿ ಅಂಗಡಿ ಮುಚ್ಚಿತು. ಮಾಬ್ಲಣ್ಣ ಊರಿಗೆ ಬಂದು ಅಪ್ಪನ ಕಾಲದ ಗದ್ದೆಗೆ ಇಳಿದ. ಬಾಯಿ ಮಾತ್ರ ಅಂಗಡಿಯಲ್ಲೇ ಉಳಿಯಿತು. ತೆಂಗಿನ ಎಳೆಗಾಯಿ ಯಾಕೆ ಉದುರುತ್ತದೆ, ರೈಲು ಯಾಕೆ ತಡವಾಗುತ್ತದೆ, ಬಂಗುಡೆ ಯಾಕೆ ಈ ವರ್ಷ ಸಣ್ಣದು, ಏನು ಕೇಳಿದರೂ ಅವನಲ್ಲಿ ಉತ್ತರ ತಯಾರಿರುತ್ತಿತ್ತು. ಅದರಲ್ಲಿ ಅರ್ಧ ಸರಿಯಾಗುತ್ತಿತ್ತು, ಉಳಿದರ್ಧವನ್ನು ಜನ ಮರೆಯುತ್ತಿದ್ದರು. ಇಂಥ ಒಂದು ಒಪ್ಪಂದದಲ್ಲಿ ಅವನೂ ಊರೂ ಸುಖವಾಗಿದ್ದರು. ಈ ಸುಖದ ನಡುವೆ ಹೋದ ಮಳೆಗಾಲ ಕುಮಟಾದಿಂದ ಒಂದು ಮಿನಿ ಟ್ರ್ಯಾಕ್ಟರ್ ಬಂತು. ಜೊತೆಗೆ ಕೆಸರು ಕಲಸುವ ಬಾಗಿದ ಬ್ಲೇಡುಗಳ ರೋಟವೇಟರ್.

ಮಾರಿದ ಅಂಗಡಿಯ ಫಿಟ್ಟರ್ ಪ್ರವೀಣ ಶುಕ್ರವಾರ ಸಂಜೆ ಬಂದು ಮಾಬ್ಲಣ್ಣನ ಅಂಗಳದಲ್ಲಿ ರೋಟವೇಟರನ್ನು ಟ್ರ್ಯಾಕ್ಟರಿನ ಹಿಂದಕ್ಕೆ ಜೋಡಿಸಿದ. ಅವನಿಗೆ ಇನ್ನೂ ಎರಡು ಕಡೆ ಹೋಗಬೇಕಿತ್ತು. ಕೈಗಿಂತ ಬಾಯಿ ಜೋರಾಗಿ ಓಡುತ್ತಿತ್ತು.

"ಇಲ್ಲಿ ಕಾಣಿ ಅಣ್ಣ. ಕೆಳಗಿನ ಎರಡು ಕೈಗೆ ಎರಡು ಪಿನ್ನು, ಮೇಲಿನ ಕೈಗೆ ಒಂದು. ಮೊದಲು ಎಡದ್ದು, ಆಮೇಲೆ ಬಲದ್ದು, ಕೊನೆಗೆ ಮೇಲಿಂದು."

"ಗೊತ್ತು."

"ಈ ಶಾಫ್ಟು ಇಂಜಿನ್ನಿನ ತಿರುಗಾಟವನ್ನ ಬ್ಲೇಡಿಗೆ ಕೊಡೂದು. ಇದು ತಿರುಗುವಾಗ ಹತ್ರ ಲುಂಗಿ ಬರಬಾರದು."

"ಗೊತ್ತು."

"ಈ ಲಿವರ್ ಏರ್ಸೂಕೆ, ಇಳ್ಸೂಕೆ. ಪಕ್ಕದ್ದು ಬೇರೆ ಕೆಲಸಕ್ಕೆ. ಮತ್ತೆ ಸೀಟಿನ ಕೆಳಗೆ ಈ ಕರಿ ತಿರುಪು ಅದೆಯಲ್ಲ, ರಸ್ತೆ ಮೇಲೆ ಹೋಗುವಾಗ ಇದನ್ನ ಪೂರ್ತಿ ಬಂದ್ ಮಾಡಿಡೂದು. ಆಗ ಲಿವರ್ ತಾಗಿದ್ರೂ ಕೆಳಗೆ ಬರೂದಿಲ್ಲ. ಗದ್ದೆಗೆ ಇಳಿದ ಕೂಡ್ಲೆ..."

ಈ ಹೊತ್ತಿಗೆ ಮಾಬ್ಲಣ್ಣ ಸೀಟಿನ ಮೇಲುಹೊದಿಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡುತ್ತಿದ್ದ. ಹೆಂಡತಿ ಉಮಾಳ ಕಡೆ ತಿರುಗಿ, "ಈ ರೆಕ್ಸಿನ್ನು ಎರಡು ಮಳೆಗಾಲ ಬಾಳೂದಿಲ್ಲ" ಎಂದ. ಆ ಟ್ರ್ಯಾಕ್ಟರಿನ ಬಗ್ಗೆ ಅವನು ಆ ವಾರ ಆಡಿದ ಮಾತುಗಳಲ್ಲಿ ಪೂರ್ತಿ ನಿಜವಾದದ್ದು ಇದೊಂದೇ.

"ಗೊತ್ತಾಯ್ತಲ್ಲ ಅಣ್ಣ?" ಎಂದ ಪ್ರವೀಣ, ಬೈಕು ಹತ್ತುತ್ತ.

"ಗೊತ್ತು, ಗೊತ್ತು" ಎಂದ ಮಾಬ್ಲಣ್ಣ.

ಮರುದಿನ ಶನಿವಾರ ಬೆಳಿಗ್ಗೆ ಹೂಡಬೇಕಾದದ್ದು ನೆರೆಮನೆಯ ಬಂಗಾರಿಯ ಗದ್ದೆ. ಬಂಗಾರಿಗೆ ಅರವತ್ತು ದಾಟಿದೆ. ಎತ್ತುಗಳನ್ನು ಹಿಂದಿನ ವರ್ಷವೇ ಮಾರಿದ್ದಳು, ಬಾಡಿಗೆ ಟ್ರ್ಯಾಕ್ಟರು ಸಿಕ್ಕಿರಲಿಲ್ಲ. "ನನ್ನ ಗದ್ದೆಗಿಂತ ಮೊದ್ಲು ನಿನ್ನದು" ಎಂದು ಮಾಬ್ಲಣ್ಣನೇ ಮಾತು ಕೊಟ್ಟಿದ್ದ. ಅವಳು ಬಿತ್ತಿದ ಭತ್ತದ ಅಗೆ ಕಿತ್ತು ನೆಡುವ ಹದಕ್ಕೆ ಬಂದಿತ್ತು. ನಟ್ಟಿಗೆಂದು ಭಾನುವಾರಕ್ಕೆ ಎಂಟು ಹೆಂಗಸರಿಗೆ ಹೇಳಿ ಇಟ್ಟಿದ್ದಳು. ಆ ಎಂಟು ಜನ ಭಾನುವಾರ ತಪ್ಪಿದರೆ ಮತ್ತೊಂದು ವಾರ ಬೇರೆಯವರ ಗದ್ದೆಗೆ ಹೋಗುವವರು.

ಹೊಸ ಯಂತ್ರ ನೋಡಲು ಗದ್ದೆಯ ಬದುವಿನ ಮೇಲೆ ಹದಿನೈದಿಪ್ಪತ್ತು ಜನ ನಿಂತಿದ್ದರು. ಎಲ್ಲರ ಮುಂದೆ ಕೊಡೆ ಹಿಡಿದವರು ಅನಂತಮೂರ್ತಿ ಮಾಸ್ತರರು, ನಿವೃತ್ತ ಮುಖ್ಯಾಧ್ಯಾಪಕರು ಮತ್ತು ಊರಿನ ರೈತ ಬಳಗದ ಅಧ್ಯಕ್ಷರು. ಮಾಬ್ಲಣ್ಣ ಟ್ರ್ಯಾಕ್ಟರನ್ನು ಗದ್ದೆಗೆ ಇಳಿಸಿದ, ನೀರು ಚಿಮ್ಮಿತು, ಜನ ಹಿಂದೆ ಸರಿದರು. ಅವನು ಗಂಭೀರವಾಗಿ ಲಿವರನ್ನು ಕೆಳಕ್ಕೆ ಒತ್ತಿದ.

ರೋಟವೇಟರ್ ಇಳಿಯಲಿಲ್ಲ.

ಇನ್ನೊಮ್ಮೆ ಒತ್ತಿದ. ಪಕ್ಕದ ಲಿವರನ್ನೂ ಒತ್ತಿದ. ಇಂಜಿನ್ನನ್ನು ಅಬ್ಬರಿಸಿದ. ರೋಟವೇಟರು ದೇವಸ್ಥಾನದ ಮಾಡಿಗೆ ಕಟ್ಟಿದ ಹರಕೆಯ ತೊಟ್ಟಿಲಿನ ಹಾಗೆ ಕೆಸರಿನಿಂದ ಒಂದೂವರೆ ಅಡಿ ಮೇಲೆ ಸುಮ್ಮನೆ ತೂಗುತ್ತಿತ್ತು.

"ಎಂತ ಆತು ಮಾಬ್ಲಣ್ಣ?" ಎಂದು ಬದುವಿನ ಮೇಲಿಂದ ಮಂಜ ಕೂಗಿದ. ಮಂಜ ಆಚೆ ಕೇರಿಯವನು, ಇಂಥದೇ ಟ್ರ್ಯಾಕ್ಟರನ್ನು ಒಂದು ವರ್ಷದಿಂದ ಓಡಿಸುತ್ತಿದ್ದವನು. ಅವನೊಬ್ಬನನ್ನು ಹತ್ತಿರ ಕರೆದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತು ಜೋಡಿ ಕಣ್ಣುಗಳು ಮಾಬ್ಲಣ್ಣನನ್ನು ಗಿರಾಕಿಗಳ ಹಾಗೆ ನೋಡುತ್ತಿದ್ದವು.

"ಆಗೂದೆಂತ?" ಎಂದ ಮಾಬ್ಲಣ್ಣ. "ಮೂರು ದಿನ ತೂಗ್ಬೇಕು."

"ತೂಗೂದಾ?"

"ಹೊಸ ಹೈಡ್ರಾಲಿಕ್ ಮಾರಾಯ. ಹೊಸ ಪಂಚೆ ನೀರಿಗೆ ಅದ್ದದೆ ಉಡ್ತಿಯಾ ನೀನು? ಎಣ್ಣೆ ಎಲ್ಲ ಕಡೆ ಇಳಿದು ಕೂಡ್ರಬೇಕು. ಇವತ್ತು ಬರೀ ಗದ್ದೆ ತೋರ್ಸೂಕೆ ತಂದದ್ದು. ಮೂರು ದಿನ ಎತ್ತರದಲ್ಲಿ ತೂಗಿದ್ರೆ ಮೂವತ್ತು ವರ್ಷ ಬಾಳಿಕೆ."

ಸುಳ್ಳಿಗೆ ಒಂದು ಸಂಖ್ಯೆ ಸೇರಿದರೆ ಅದಕ್ಕೆ ಬೆನ್ನೆಲುಬು ಬರುತ್ತದೆ. 'ಸ್ವಲ್ಪ ದಿನ' ಎಂದಿದ್ದರೆ ಜನ ನಗುತ್ತಿದ್ದರು. 'ಮೂರು ದಿನ' ಎಂದದ್ದರಿಂದ ಅನಂತಮೂರ್ತಿ ಮಾಸ್ತರರು ಕೊಡೆಯನ್ನು ಕುತ್ತಿಗೆಗೆ ಒತ್ತಿ ಹಿಡಿದು, ಕಿಸೆಯಿಂದ ಫೋನು ತೆಗೆದು ಬೆರಳಾಡಿಸಿದರು.

"ಬಹಳ ವೈಜ್ಞಾನಿಕವಾದ ವಿಚಾರ. ಇಂಥದನ್ನು ಕಂಪನಿಯವರು ಹೇಳುವುದಿಲ್ಲ, ಯಾಕೆಂದರೆ ಯಂತ್ರ ಬಾಳಿದರೆ ಅವರಿಗೆ ನಷ್ಟ. ನಾನಿದನ್ನು ಬಳಗದ ಗ್ರೂಪಿಗೆ ಹಾಕುತ್ತೇನೆ."

"ಹಾಕಿ, ಹಾಕಿ" ಎಂದ ಮಾಬ್ಲಣ್ಣ. ಬೇರೇನು ಹೇಳಿಯಾನು?

"ಹಂಗಾರೆ ನನ್ನ ನಟ್ಟಿ?" ಎಂದಳು ಬಂಗಾರಿ. "ನಾಳೆಗೆ ಎಂಟು ಆಳು ಹೇಳಿ ಆತಲ್ಲ."

"ಮೂರು ದಿನ ತಡಿ ಬಂಗಾರಕ್ಕ. ಮಶೀನಿನ ಒಳ್ಳೇದಕ್ಕೆ ಹೇಳೂದು."

ಬಂಗಾರಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನಾಳೆ ಬರಬೇಡಿ ಎಂದು ಹೇಳಲು ಎಂಟು ಮನೆಗೆ ಹೊರಟಳು.

ಸಂಜೆ ಮಾಬ್ಲಣ್ಣ ಕೊಟ್ಟಿಗೆಯ ಹಿಂದೆ ನಿಂತು ಪ್ರವೀಣನಿಗೆ ಫೋನು ಮಾಡಿದ.

"ತಿರುಪು ತೆರೆದ್ರಾ ಅಣ್ಣ?"

"ಯಾವ ತಿರುಪು?"

"ಸೀಟಿನ ಕೆಳಗಿಂದು. ಕರಿದು. ನಿನ್ನೆ ಹೇಳಿದ್ನಲ್ಲ? ಎಡಕ್ಕೆ ತಿರುಗ್ಸಿ."

ಮಾಬ್ಲಣ್ಣ ಹೋಗಿ ಎಡಕ್ಕೆ ತಿರುಗಿಸಿದ, ಲಿವರ್ ಒತ್ತಿದ. ರೋಟವೇಟರು ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ ಮೆತ್ತಗೆ ಅಂಗಳಕ್ಕೆ ಇಳಿಯಿತು. ಹಾಲಿನ ಚೊಂಬು ಹಿಡಿದು ಬರುತ್ತಿದ್ದ ಉಮಾ ಅದನ್ನು ನೋಡಿದಳು.

"ಅಕಾ, ಇಳೀತಲ್ಲ! ಬಂಗಾರಕ್ಕಂಗೆ ಹೇಳಿ ಬರ್ತೆ, ನಾಳೆ ಬೆಳಿಗ್ಗೆನೇ ಹೂಡೂದು."

"ನಿಲ್ಲು ನಿಲ್ಲು. ಅದು ಹೆಂಗಾಗ್ತದೆ? ಮೂರು ದಿನ ಅಂದು ಹೇಳಿ ಆತಲ್ಲ."

"ಹೇಳಿದ್ದು ನೀವು. ಬಲಿಯೂದು ಅವಳ ಅಗೆ."

"ಗ್ರೂಪಿಗೆ ಹೋಗಿ ಆತು ಮಾರಾಯ್ತಿ! ಈಗ ಒಂದೇ ದಿನಕ್ಕೆ ಇಳಿಸಿದ್ರೆ ನೂರಾನಲವತ್ತು ಜನ ಕೇಳ್ತಾರೆ."

ಉಮಾ ಅವನ ಮುಖ ನೋಡಿದಳು. ಚೊಂಬು ಹಿಡಿದು ಒಳಗೆ ಹೋದಳು. ಮಾಬ್ಲಣ್ಣ ಇಂಜಿನ್ ಹಾಕಿ ರೋಟವೇಟರನ್ನು ಮತ್ತೆ ಮೇಲಕ್ಕೆ ಎತ್ತಿ, ತಿರುಪು ಬಿಗಿಮಾಡಿ ಇಟ್ಟ. ಬೆಳಿಗ್ಗೆ ಇಳಿಯದೆ ತೂಗಿದ ಯಂತ್ರ ಸಂಜೆಯಿಂದ ಅವನ ಅಪ್ಪಣೆಯ ಮೇಲೆ ತೂಗಿತು.

ಭಾನುವಾರ ಅವನ ಅಂಗಳ ಮದುವೆ ಮನೆಯಾಯಿತು. ಜನ ಬಂದು ತೂಗುವ ರೋಟವೇಟರಿನ ಸುತ್ತ ಎರಡು ಸುತ್ತು ಹಾಕಿ, ಚಾ ಕುಡಿದು ಹೋಗುತ್ತಿದ್ದರು. ಬಡಗಿ ದುರ್ಗಪ್ಪ ಟೇಪು ತಂದು ನೆಲದಿಂದ ಬ್ಲೇಡಿನವರೆಗೆ ಅಳೆದ. ಮಧ್ಯಾಹ್ನ ಮತ್ತೆ ಬಂದು ಅಳೆದು, "ಮಾಬ್ಲಣ್ಣ, ಬೆಳಿಗ್ಗೆಗಿಂತ ಒಂದು ನೂಲು ಕೆಳಗೆ ಬಂದದೆ!" ಎಂದು ಕೂಗಿದ.

"ಮತ್ತೆಂತ? ಎಣ್ಣೆ ಕೂಡ್ರತಾ ಅದೆ" ಎಂದ ಮಾಬ್ಲಣ್ಣ. ಸುಳ್ಳಿಗೆ ಈಗ ಅಳತೆಯ ಸಾಕ್ಷಿಯೂ ಸಿಕ್ಕಿತು.

ಹೊನ್ನಾವರ ಕಡೆಯಿಂದ ಇಬ್ಬರು ಬೈಕಿನಲ್ಲಿ ಬಂದರು. ಅವರಿಗೆ ಒಂದೇ ಸಂಶಯ. "ನಾವು ಶುಕ್ರವಾರ ತೂಗ್ಸಿದ್ರೆ ಸೋಮವಾರ ಇಳ್ಸೂದಾ, ಇಲ್ಲ ಭಾನುವಾರವಾ? ಅಂದ್ರೆ ಸೂತಕದ ಲೆಕ್ಕದ ಹಾಗೆ ಮೊದಲ ದಿನ ಸೇರ್ತದಾ?"

"ಸೇರ್ತದೆ."

"ಅಮಾವಾಸ್ಯೆ ನಡುವೆ ಬಂದ್ರೆ?"

"ಅರ್ಧ ದಿನ ಹೆಚ್ಚು."

ಯಾರೋ ಮುದುಕಿಯೊಬ್ಬಳು ರೋಟವೇಟರಿನ ಮೇಲಿನ ಕೈಗೆ ಒಂದು ದಾಸವಾಳ ಇಟ್ಟು ಹೋದಳು. ಅನಂತಮೂರ್ತಿ ಮಾಸ್ತರರು ಬಂದು, ಸೋಮವಾರ ಮಧ್ಯಾಹ್ನ ಶಾಲೆಯಲ್ಲಿ ಬಳಗದ ಸಭೆ ಇದೆ, ಯಂತ್ರಗಳ ಬಗ್ಗೆ ಹೇಳಲು ಅರ್ಚಿತಾ ಎಂಬ ಕೃಷಿ ಇಂಜಿನಿಯರು ಬರುತ್ತಾಳೆ, "ಅವಳ ನಂತರ ನೀವು ತೂಗುವಿಕೆಯ ಬಗ್ಗೆ ಎರಡು ಮಾತು ಆಡಲೇಬೇಕು" ಎಂದರು. ತಪ್ಪಿಸಿಕೊಳ್ಳಲು ಮಾಬ್ಲಣ್ಣ ಗಂಟಲು ಸರಿಯಿಲ್ಲ ಎಂದ. ಮಾಸ್ತರರು ಕಿಸೆಯಿಂದ ಜ್ಯೇಷ್ಠಮಧುವಿನ ತುಂಡು ತೆಗೆದು ಕೊಟ್ಟರು.

ಎಲ್ಲರೂ ಹೋದ ಮೇಲೆ ಬಂಗಾರಿ ಬಂದಳು. ಅವಳ ಕೈಯಲ್ಲಿ ಬೇರುಸಹಿತ ಕಿತ್ತ ನಾಲ್ಕು ಸಸಿಗಳಿದ್ದವು.

"ಕಾಣು. ಗಂಟು ಬಿಡೂಕೆ ಹಿಡೀತು. ಇನ್ನು ತಡವಾದ್ರೆ ನೆಟ್ಟಲ್ಲೇ ನಿಲ್ತದೆ, ಬುಡದಲ್ಲಿ ಹೊಸ ತೆಂಡೆ ಒಡೆಯೂದಿಲ್ಲ."

ಮಾಬ್ಲಣ್ಣ ಸಸಿಗಳನ್ನು ನೋಡಲಿಲ್ಲ, ಅಂಗಳ ನೋಡಿದ. "ನಾಡಿದ್ದು ಬೆಳಿಗ್ಗೆ ಗ್ಯಾರಂಟಿ."

"ಆತು. ನೀನು ಹೇಳ್ದೆಯಲ್ಲ, ಮತ್ತೆಂತ. ಕಾಯ್ತೆ" ಎಂದಳು ಬಂಗಾರಿ. ಅವಳು ಜಗಳವಾಡಿದ್ದರೆ ಅವನಿಗೆ ಉತ್ತರವಿತ್ತು. ಅವಳು ಸಸಿಗಳನ್ನು ಬಿಸಾಡದೆ, ಬೇರಿಗೆ ಕೆಸರು ಒತ್ತಿ, ಸೆರಗಿನಲ್ಲಿ ಇಟ್ಟುಕೊಂಡು ಹೋದಳು. ಆ ಸಂಜೆ ಮಾಬ್ಲಣ್ಣ ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ಸೋಮವಾರ ಮಧ್ಯಾಹ್ನ ಸಭೆಗೆಂದು ಮಾಬ್ಲಣ್ಣ ಇಸ್ತ್ರಿ ಅಂಗಿ ಹಾಕುತ್ತಿದ್ದಾಗ ಮಂಜ ಬಂದ. ಬಗಲಲ್ಲಿ ಒಂದು ಮಡಚಿದ ಗೋಣಿಚೀಲ.

"ಒಂದು ಸಂಶಯ ಮಾಬ್ಲಣ್ಣ. ನಾನು ಹೋದ ವರ್ಷ ತಂದವ ತೂಗ್ಸಲೇ ಇಲ್ಲ ನೋಡು. ಅದಕ್ಕೇ ಅಲುಗಾಟ ಜಾಸ್ತಿ ಅಂದು ಈಗ ತಿಳೀತು. ಶನಿವಾರ ನೀನು ಹೇಳಿದ ಕೂಡ್ಲೆ ಹೋಗಿ ತೂಗ್ಸಿಟ್ಟೆ."

"ಆಮೇಲೆ?"

"ಇವತ್ತು ಬ್ಲೇಡಿಗೆ ಸುತ್ತಿದ ಹುಲ್ಲು ಬಿಡ್ಸೂಕೆ ಗೋಣಿ ಹಾಸಿ ಕೆಳಗೆ ಮಲಗಿದ್ದೆ. ಹೆಂಡ್ತಿ ಗಂಜಿಗೆ ಕರೆದ್ಲು. ಎದ್ದು ಜಗಲಿಗೆ ಹೋಗಿ ಕೈ ತೊಳೀತಾ ಇದ್ದೆ, ದಡಾರ್ ಅಂದು ಬಿತ್ತು! ಎಂತಕ್ಕೆ ಅಂದ್ರೆ, ಒದ್ದೆ ಕಂಬಳಿ ಆ ಲಿವರಿಗೇ ನೇತು ಹಾಕಿದ್ದೆ, ಭಾರಕ್ಕೆ ಜಗ್ಗಿರ್ಬೇಕು. ಇದು ಕಾಣು."

ಮಂಜ ಗೋಣಿಯನ್ನು ಜಗಲಿಯ ಮೇಲೆ ಬಿಡಿಸಿ ಹಾಸಿದ. ಉದ್ದಕ್ಕೆ ಆರು ಕಡೆ ಹರಿದಿತ್ತು. ಜವಳಿ ಅಂಗಡಿಯಲ್ಲಿ ಗಿರಾಕಿಗಳು ಹರಿದ ಬಟ್ಟೆ ವಾಪಸು ತಂದಾಗಲೆಲ್ಲ, ಒಗೆದದ್ದು ಸರಿಯಿಲ್ಲ, ಒಣಗಿಸಿದ್ದು ಸರಿಯಿಲ್ಲ, ಇಲಿ ಕಡಿದದ್ದು ಎಂದು ಮಾಬ್ಲಣ್ಣ ಒಂದೇ ನೋಟಕ್ಕೆ ಹೇಳುತ್ತಿದ್ದ. ಈಗ ಅವನು ಕುಕ್ಕುರುಗಾಲಲ್ಲಿ ಕೂತು ಒಂದೊಂದು ಹರಕಿನಲ್ಲೂ ಬೆರಳು ಹಾಕಿ ನೋಡಿದ.

"ತಲೆ ಯಾವ ಬದಿಗಿತ್ತು?"

"ಈ ಬದಿಗೆ."

ಮಾಬ್ಲಣ್ಣನ ಬೆರಳು ಮೂರನೇ ಹರಕಿನಲ್ಲಿ ನಿಂತಿತು.

"ಅದಿರ್ಲಿ" ಎಂದ ಮಂಜ. "ನಾನು ಕೇಳೂಕೆ ಬಂದದ್ದು ಬೇರೆ. ಈಗ ಮತ್ತೆ ಏರ್ಸಿಟ್ಟು ಬಂದೆ. ಲೆಕ್ಕ ಇವತ್ತಿಂದ ಹೊಸದಾಗಿ ಹಿಡೂದಾ, ಇಲ್ಲ ಶನಿವಾರದಿಂದ್ಲೆ ಹಿಡೂದಾ?"

"ಮತ್ತೆ ಏರ್ಸಿಟ್ಟು ಬಂದ್ಯಾ! ಅಲ್ಲಿ ಯಾರು ಅದಾರೆ?"

"ಯಾರೂ ಇಲ್ಲ. ಅಪ್ಪ ಅದಾರೆ. ನನ್ನ ಚಪ್ಪಲಿ ಅದರ ಅಡಿಗೆ ಉಳೀತು, ಕೋಲಲ್ಲಿ ತೆಗೀತೆ ಅಂದ್ರು."

ಮುಟ್ಟಳ್ಳಿಯ ಜನ ಮಾಬ್ಲಣ್ಣ ಓಡಿದ್ದನ್ನು ಅದುವರೆಗೆ ನೋಡಿರಲಿಲ್ಲ. ಇಸ್ತ್ರಿ ಅಂಗಿಯ ಒಂದು ತೋಳು ಹಾಕಿಕೊಂಡು, ಇನ್ನೊಂದು ತೋಳು ಬೆನ್ನ ಹಿಂದೆ ಹಾರಾಡಿಸುತ್ತ, ಬದುವಿನಿಂದ ಬದುವಿಗೆ ಹಾರುತ್ತ ಅವನು ಆಚೆ ಕೇರಿಗೆ ಓಡಿದ. ಹಿಂದೆ ಮಂಜ, "ಎಂತ ಆತು? ಲೆಕ್ಕ ಹೇಳು ಮಾರಾಯ!" ಎನ್ನುತ್ತ ಓಡಿದ. ಇಬ್ಬರೂ ಓಡುವುದನ್ನು ಕಂಡು ಇನ್ನೂ ನಾಲ್ಕು ಜನ ಏನೆಂದು ತಿಳಿಯದೆ ಜೊತೆಗೆ ಓಡಿದರು.

ಮಂಜನ ಅಪ್ಪನಿಗೆ ಎಪ್ಪತ್ತೆಂಟು ವರ್ಷ. ಅವರು ಕೋಲು ಸಾಲದೆ, ಒಂದು ಕೈ ನೆಲಕ್ಕೂರಿ ಇನ್ನೊಂದು ಕೈಯನ್ನು ರೋಟವೇಟರಿನ ಅಡಿಗೆ ಚಾಚಿದ್ದರು. ಒದ್ದೆ ಕಂಬಳಿ ಮತ್ತೆ ಲಿವರಿನ ಮೇಲೇ ಇತ್ತು.

"ಅಪ್ಪಯ್ಯಾ, ಹಿಂದೆ ಬನ್ನಿ! ಹಿಂದೆ!" ಎಂದು ಮಾಬ್ಲಣ್ಣ ಕೂಗಿದ.

ಮುದುಕರು ಬೆಚ್ಚಿ ಹಿಂದೆ ಕೂತರು. ಮಾಬ್ಲಣ್ಣ ಅವರನ್ನು ಎರಡೂ ಕಂಕುಳಿಗೆ ಕೈ ಹಾಕಿ ಮಾರು ದೂರ ಎಳೆದು ಕೂರಿಸಿದ. ಕಂಬಳಿ ತೆಗೆದು, ಕೆಳಗೆ ಯಾರೂ ಇಲ್ಲವೆಂದು ಎರಡು ಸಲ ಬಗ್ಗಿ ನೋಡಿ, ಲಿವರ್ ಒತ್ತಿ ರೋಟವೇಟರನ್ನು ನೆಲಕ್ಕೆ ಇಳಿಸಿದ. ಚಪ್ಪಲಿ ಅಡಿಯಲ್ಲಿ ಚಪ್ಪಟೆಯಾಯಿತು.

ಮುದುಕರಿಗೆ ಸಿಟ್ಟು ಬಂತು. "ಎಂತ ಮಾಡ್ದೆ ನೀನು? ಶನಿವಾರದಿಂದ ಕಾದದ್ದು ಹಾಳಾತಲ್ಲ! ನೀನೇ ಹೇಳೂದು, ನೀನೇ ಕೆಡ್ಸೂದು!"

ಮಾಬ್ಲಣ್ಣ ಅಂಗಿಯ ಇನ್ನೊಂದು ತೋಳನ್ನು ಹುಡುಕಿ ಹಾಕಿಕೊಂಡ. "ಆ ಗೋಣಿ ತಗಂಡು ಸಭೆಗೆ ಬಾ ಮಂಜ" ಎಂದಷ್ಟೇ ಹೇಳಿ ಶಾಲೆಯ ಕಡೆ ನಡೆದ.

ಶಾಲೆಯ ಕೋಣೆ ತುಂಬಿತ್ತು. ಮಕ್ಕಳ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲು ಎದೆಗೆ ಒತ್ತಿ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ಬಂಗಾರಿ ಮತ್ತು ಉಮಾ. ಅನಂತಮೂರ್ತಿ ಮಾಸ್ತರರು ಸ್ವಾಗತ ಮಾಡಿ, ಅರ್ಚಿತಾಳನ್ನು ಬಿಟ್ಟು ನೇರವಾಗಿ ತೂಗುವಿಕೆಯ ವಿಷಯಕ್ಕೇ ಬಂದರು.

"ನಮ್ಮ ಮುಟ್ಟಳ್ಳಿಯ ಈ ಪದ್ಧತಿ ಈಗಾಗಲೇ ಹೊನ್ನಾವರ ದಾಟಿದೆ. ಇದರ ಹಿಂದಿನ ಶಾಸ್ತ್ರವನ್ನು ಮೇಡಂ ಅವರು ವಿವರಿಸಬೇಕು. ಹೈಡ್ರಾಲಿಕ್ ಎಣ್ಣೆ ಕೂಡ್ರಲು ಮೂರೇ ದಿನ ಯಾಕೆ?"

ಅರ್ಚಿತಾಳಿಗೆ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ಅವಳು ಪ್ರಶ್ನೆಯನ್ನು ಗಮನವಿಟ್ಟು ಕೇಳಿ, ಸ್ವಲ್ಪ ಯೋಚಿಸಿ ಹೇಳಿದಳು.

"ನನಗೆ ಗೊತ್ತಿಲ್ಲ ಸರ್. ನಾನು ಓದಿದ್ದರಲ್ಲಿ ಇದು ಬರಲಿಲ್ಲ. ನಾವು ಹೇಳೋದು ಕೆಲಸ ಮುಗಿದ ಕೂಡಲೇ ಇಳಿಸಿಡಿ ಅಂತ. ಆದರೆ ಇವರು ಯಾಕೆ ಹೀಗೆ ಹೇಳಿದರು ಅಂತ ಕೇಳೋಣ. ನನಗೂ ತಿಳಿದ ಹಾಗಾಯ್ತು."

ಮಾಬ್ಲಣ್ಣ ಸುತ್ತ ನೋಡಿದ. ಇಂಜಿನಿಯರಿಂಗ್ ಓದಿದ ಹುಡುಗಿ ಅರವತ್ತು ಜನರ ಮುಂದೆ ಗೊತ್ತಿಲ್ಲ ಎಂದಿದ್ದಳು. ಯಾರೂ ನಗಲಿಲ್ಲ. ಶಾಲೆಯ ಮಾಡೂ ಕುಸಿಯಲಿಲ್ಲ. ಅವಳು ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಅವನ ಕಡೆ ನೋಡುತ್ತ ನಿಂತಿದ್ದಳು.

ಮಾಬ್ಲಣ್ಣ ಎದ್ದ.

"ನಂಗೂ ಗೊತ್ತಿಲ್ಲ" ಎಂದ.

"ಜೋರಾಗಿ!" ಎಂದರು ಯಾರೋ ಹಿಂದಿನಿಂದ.

"ನಂಗೆ ಗೊತ್ತಿಲ್ಲ! ಮೂರು ದಿನವೂ ಇಲ್ಲ, ಎಣ್ಣೆ ಕೂಡ್ರೂದೂ ಇಲ್ಲ. ಆ ದಿನ ಮಶೀನು ಇಳೀಲಿಲ್ಲ. ಎಂತಕ್ಕೆ ಅಂದು ತಿಳೀಲಿಲ್ಲ. ಬಾಯಿಗೆ ಬಂದದ್ದು ಹೇಳ್ದೆ. ಸೀಟಿನ ಕೆಳಗಿನ ತಿರುಪು ಬಂದ್ ಇತ್ತು, ಅಷ್ಟೇ. ಅದೇ ಸಂಜೆ ಸರಿ ಆಯ್ತು. ಸರಿಯಾದದ್ದನ್ನ ಮತ್ತೆ ತೂಗ್ಸಿಟ್ಟೆ."

ಮಾಸ್ತರರು ಮೆಚ್ಚುಗೆಯಿಂದ ತಲೆದೂಗಿದರು.

"ನೋಡಿ, ಎಂಥ ವಿನಯ! ತಿಳಿದವರ ಲಕ್ಷಣವೇ ಇದು."

ಚಪ್ಪಾಳೆ ಬಿತ್ತು. ಬಡಗಿ ದುರ್ಗಪ್ಪ ಎದ್ದು, "ಸುಳ್ಳು ಹೇಳಬೇಡ ಮಾಬ್ಲಣ್ಣ, ನಾನೇ ಅಳೆದಿದ್ದೆ, ಒಂದು ನೂಲು ಇಳಿದಿತ್ತು!" ಎಂದ. ಇನ್ನೊಬ್ಬ, "ಗುಟ್ಟು ಬಿಡೂಕೆ ಮನಸಿಲ್ಲ, ಅದಕ್ಕೇ ಹಿಂಗೆ ಹೇಳ್ತ" ಎಂದು ಪಕ್ಕದವನ ಕಿವಿಯಲ್ಲಿ ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಸುಳ್ಳು ಹೇಳುವುದು ಎಷ್ಟು ಸುಲಭವಾಗಿತ್ತೋ ಅದನ್ನು ವಾಪಸು ತೆಗೆದುಕೊಳ್ಳುವುದು ಅಷ್ಟೇ ಕಷ್ಟವಾಯಿತು.

ಮಾಬ್ಲಣ್ಣ ಮಂಜನ ಕೈಯಿಂದ ಗೋಣಿ ತೆಗೆದುಕೊಂಡು ಮೇಜಿನ ಮೇಲೆ ಹಾಸಿದ. ಅಂಗಡಿಯಲ್ಲಿ ಬಟ್ಟೆಯ ಥಾನು ಬಿಡಿಸುತ್ತಿದ್ದ ಹಾಗೆ ಎರಡೂ ಅಂಗೈಯಿಂದ ಸುಕ್ಕು ಸರಿಮಾಡಿದ.

"ನನ್ನ ಮಾತು ನಂಬಿ ಮಂಜ ಮಶೀನು ತೂಗ್ಸಿ, ಅದರ ಕೆಳಗೆ ಈ ಗೋಣಿ ಮೇಲೆ ಮಲಗಿದ್ದ. ಗಂಜಿಗೆ ಕರೆದ್ರು ಅಂದು ಎದ್ದ. ಅವ ಎದ್ದ ಮೇಲೆ ಬಿತ್ತು." ಅವನು ಮೂರನೇ ಹರಕಿನ ಮೇಲೆ ಕೈ ಇಟ್ಟ. "ಇದು ಅವನ ಎದೆ ಇದ್ದ ಜಾಗ."

ಈಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಗೋಣಿಯ ಹತ್ತಿರ ಬಗ್ಗಿದರು.

"ಹಂಗಾರೆ ಲೆಕ್ಕ ಹಿಡೂದೇ ಬೇಡ್ದಾ?" ಎಂದ ಮಂಜ.

"ಬೇಡ ಮಂಜ."

ಮಂಜ ಗೋಣಿ ನೋಡಿದ, ತನ್ನ ಎದೆ ನೋಡಿಕೊಂಡ, ಮೆಲ್ಲಗೆ ಮಕ್ಕಳ ಬೆಂಚಿನ ಮೇಲೆ ಕೂತ. ಆವರೆಗೆ ಅವನಿಗೆ ಹೆದರಿಕೆಯೇ ಆಗಿರಲಿಲ್ಲ. ಉಮಾ ಎದ್ದು ಬಂದು ಅವನಿಗೆ ನೀರು ಕೊಟ್ಟಳು.

ಮೊದಲು ಮಾತಾಡಿದವಳು ಅರ್ಚಿತಾ. ಬೈಯಲಿಲ್ಲ. ಎತ್ತಿ ನಿಲ್ಲಿಸಿದ ಯಂತ್ರದ ಕೆಳಗೆ ಎಣ್ಣೆ ಒಂದನ್ನೇ ನಂಬಿ ಯಾರೂ ಹೋಗಬಾರದು, ಅಡಿಗೆ ಹೋಗಲೇಬೇಕಾದರೆ ಗಟ್ಟಿ ಮರದ ದಿಮ್ಮಿ ಕೊಡಬೇಕು, ಸೀಟಿನಿಂದ ಇಳಿಯುವ ಮೊದಲು ಯಂತ್ರವನ್ನು ನೆಲಕ್ಕೆ ಇಳಿಸಬೇಕು ಎಂದು ಹೇಳಿದಳು. "ಇನ್ನೇನಾದರೂ ಗೊತ್ತಿಲ್ಲದ್ದು ಇದ್ದರೆ ಈಗಲೇ ಕೇಳಿ" ಎಂದಳು.

ಮೊದಲು ಮಾಬ್ಲಣ್ಣನೇ ಕೇಳಿದ. "ಆ ಎರಡನೇ ಲಿವರ್ ಎಂತಕ್ಕೆ ಮೇಡಂ?"

"ನಂಗೂ ಅದೇ" ಎಂದ ಮಂಜ, ನೀರಿನ ಲೋಟ ಹಿಡಿದುಕೊಂಡೇ. "ಒಂದು ವರ್ಷದಿಂದ ಅದನ್ನ ಮುಟ್ಟಲೇ ಇಲ್ಲ."

"ನಾನು ಅದಕ್ಕೆ ಚೀಲ ನೇತು ಹಾಕೂದು" ಎಂದ ಇನ್ನೊಬ್ಬ. ಟ್ರ್ಯಾಕ್ಟರ್ ಇದ್ದ ಐದು ಜನರಲ್ಲಿ ಐವರಿಗೂ ಎರಡನೇ ಲಿವರು ಯಾಕೆಂದು ತಿಳಿದಿರಲಿಲ್ಲ. ಐವರೂ ಉಳಿದ ನಾಲ್ವರಿಗೆ ತಿಳಿದಿದೆ ಎಂದುಕೊಂಡಿದ್ದರು. ನೇಗಿಲು ಗಟ್ಟಿ ಮಣ್ಣಿಗೆ ಸಿಕ್ಕಿ ಎಳೆತ ಹೆಚ್ಚಾದಾಗ ತಾನಾಗಿ ಚೂರು ಎತ್ತಿಕೊಳ್ಳುವುದಕ್ಕೆ ಅದು, ರೋಟವೇಟರಿಗೆ ಮೊದಲನೆಯದೇ ಸಾಕು ಎಂದು ಅರ್ಚಿತಾ ಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಮಾಬ್ಲಣ್ಣ, "ತಿಳೀಲಿಲ್ಲ, ಇನ್ನೊಂದು ಸಲ ಹೇಳಿ" ಎಂದ. ಇನ್ನೊಂದು ಸಲ ಹೇಳಿದಳು. ಮಾಸ್ತರರು ತಲೆ ತಗ್ಗಿಸಿ ಬರೆದುಕೊಂಡರು. ಗ್ರೂಪಿಗೆ ತಿದ್ದುಪಡಿಯನ್ನೂ ಹಾಕಿದರು. ಅದಕ್ಕೆ ಒಬ್ಬನೇ ಒಬ್ಬ ಹೆಬ್ಬೆರಳಿನ ಚಿಹ್ನೆ ಒತ್ತಿದ.

ಸಭೆ ಮುಗಿದಾಗ ಬಂಗಾರಿ ಬಾಗಿಲಲ್ಲಿ ನಿಂತಿದ್ದಳು. ಮಾಬ್ಲಣ್ಣ ಅವಳ ಮುಂದೆ ಹೋಗಿ ನಿಂತ.

"ಶನಿವಾರ ಸಂಜೆನೇ ಸರಿ ಆಗಿತ್ತಾ?" ಎಂದಳು ಬಂಗಾರಿ.

"ಹೌದು."

"ನಿನ್ನೆ ನಾನು ಸಸಿ ತಂದು ತೋರ್ಸಿದಾಗ್ಲೂ ಸರಿ ಇತ್ತಾ?"

"ಹೌದು ಬಂಗಾರಕ್ಕ."

"ಗೊತ್ತಿಲ್ಲದ್ದು ತಪ್ಪಲ್ಲ. ನನಗೂ ಎಷ್ಟೋ ಗೊತ್ತಿಲ್ಲ. ಗೊತ್ತಾದ ಮೇಲೂ ನನ್ನ ಕಾಯ್ಸಿದ್ಯಲ್ಲ, ಅದು ಮಾತ್ರ ನಾನು ಮರೆಯೂದಿಲ್ಲ." ಅವಳು ಸೆರಗು ಬಿಗಿದಳು. "ನಡಿ. ಬೆಳಕು ಇದ್ದಷ್ಟು ಹೂಡು."

ಆ ಸಂಜೆ ರೋಟವೇಟರ್ ಬಂಗಾರಿಯ ಗದ್ದೆಗೆ ಇಳಿಯಿತು. ಮೊದಲ ಸುತ್ತಿನಲ್ಲಿ ಬ್ಲೇಡು ಆಳಕ್ಕೆ ಹೋಗಿ ಅಡಿಯ ಹಳದಿ ಮಣ್ಣು ಮೇಲೆ ಬಂತು. "ಏರ್ಸು!" ಎಂದು ಬದುವಿನ ಮೇಲಿಂದ ಬಂಗಾರಿ ಕೂಗಿದಳು. ಏರಿಸಿದ. "ಅಷ್ಟಲ್ಲ! ನೀರು ಮಾತ್ರ ಕಡೀತಾ ಅದೆ. ಇಳ್ಸು ಚೂರು. ಆತು, ಅಲ್ಲೇ ಇರ್ಲಿ!" ಟ್ರ್ಯಾಕ್ಟರಿನ ಮೇಲೆ ಒಮ್ಮೆಯೂ ಕೂರದ ಅವಳು ಕೆಸರಿನ ಬಣ್ಣ ನೋಡಿ ಲಿವರಿನ ಜಾಗ ಹೇಳುತ್ತಿದ್ದಳು. ಮಾಬ್ಲಣ್ಣ ಪ್ರತಿ ತಿರುವಿನಲ್ಲೂ ತಿರುಗಿ, "ಎಷ್ಟು?" ಎಂದು ಕೇಳುತ್ತಿದ್ದ. ಕತ್ತಲೆಗೆ ಮೊದಲು ಗದ್ದೆ ಬೆಣ್ಣೆಯ ಹಾಗೆ ಕಲಸಿ ಬಂತು.

ಆದರೆ ಎಂಟು ಹೆಂಗಸರು ಆಗಲೇ ಬೇರೆ ಕಡೆ ಹೋಗಿದ್ದರು. ಮರುದಿನ ನಟ್ಟಿಗೆ ಬಂದವರು ಉಮಾ, ಮಂಜ, ಮಂಜನ ಹೆಂಡತಿ, ಬಂಗಾರಿ ಮತ್ತು ಮಾಬ್ಲಣ್ಣ. ಐವತ್ನಾಲ್ಕು ವರ್ಷದಲ್ಲಿ ಸಸಿ ನೆಡದ ಮಾಬ್ಲಣ್ಣ ಬಗ್ಗಿ ನೆಟ್ಟ, ಬಂಗಾರಿ ಅವನ ಹಿಂದೆಯೇ ಬಂದು ಅವನು ನೆಟ್ಟದ್ದನ್ನು ಕಿತ್ತು ಸರಿಯಾಗಿ ನೆಟ್ಟಳು. ಮಧ್ಯಾಹ್ನದವರೆಗೆ ಅವಳು ಅವನ ಜೊತೆ ಒಂದು ಮಾತೂ ಆಡಲಿಲ್ಲ. ಗಂಜಿಯ ಹೊತ್ತಿಗೆ, "ಬೆರಳು ಹಿಂಗೆ ಹಿಡೀ, ಅಂಗಡಿಯಲ್ಲಿ ಕತ್ತರಿ ಹಿಡಿದಂಗೆ ಅಲ್ಲ" ಎಂದಳು. ಅವರ ಕೆಲಸ ಮುಗಿಯಲು ಮೂರು ದಿನ ಹಿಡಿಯಿತು. ಮೂರನೇ ದಿನ ನೆಟ್ಟ ಸಸಿ ಮೇಲೇಳಲು ಎರಡು ವಾರ ತೆಗೆದುಕೊಂಡಿತು. ಗದ್ದೆಯ ಆ ಮೂಲೆ ಕೊಯ್ಲಿನವರೆಗೂ ಉಳಿದದ್ದಕ್ಕಿಂತ ಕುಳ್ಳಗೇ ಇತ್ತು, ದಾರಿಯಲ್ಲಿ ಹೋಗುವಾಗ ಮಾಬ್ಲಣ್ಣನಿಗೆ ಕಾಣುತ್ತಿತ್ತು.

ನಟ್ಟಿ ಮುಗಿದ ವಾರಕ್ಕೆ ಅವನು ಒಂದು ಬೋಲ್ಟು ತರಲು ಕುಮಟಾಕ್ಕೆ ಹೋದ. ಬಿಡಿಭಾಗದ ಅಂಗಡಿಯಲ್ಲಿ ಧಾರೇಶ್ವರದ ದೇವು ಎಂಬವನು ಎಣ್ಣೆ ಡಬ್ಬಿ ಕೊಳ್ಳುತ್ತ ನಿಂತಿದ್ದ. ಮಾತಿಗೆ ಮಾತು ಬೆಳೆಯಿತು.

"ನಮ್ಮದೂ ಹೊಸದು" ಎಂದ ದೇವು. "ಈಗ ತೂಗ್ಸಿಟ್ಟಿದ್ದೆ. ಇವತ್ತಿಗೆ ಎರಡನೇ ದಿನ."

ಮಾಬ್ಲಣ್ಣನ ಕೈಯಲ್ಲಿದ್ದ ಬೋಲ್ಟು ಮೇಜಿನ ಮೇಲೆ ಬಿತ್ತು. "ಅದನ್ನ ಇಳ್ಸಿ ಮಾರಾಯ್ರೆ. ಅದೆಲ್ಲ ಸುಳ್ಳು. ಅಡಿಗೆ ಯಾರಾದ್ರೂ ಹೋದ್ರೆ ಜೀವ ಹೋಗ್ತದೆ."

"ಸುಳ್ಳಾ? ಮುಟ್ಟಳ್ಳಿಯಲ್ಲಿ ಒಬ್ರು ದೊಡ್ಡ ತಿಳಿದವ್ರು ಅದಾರಂತೆ, ಅವ್ರು ಹೇಳಿದ್ದು."

"ಅವಂಗೆ ಎಂತದೂ ಗೊತ್ತಿಲ್ಲ."

ದೇವು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿಮಗೆ ಅವ್ರಿಗಿಂತ ಹೆಚ್ಚು ಗೊತ್ತಾ?"

ಮಾಬ್ಲಣ್ಣ ಯೋಚಿಸಿದ. "ಹೆಚ್ಚೆಂತ ಇಲ್ಲ. ನಾನು ಅವಂಗಿಂತ ಮೂರು ದಿನ ದೊಡ್ಡವ" ಎಂದ.

ಅದು ದೇವುವಿಗೆ ಅರ್ಥವಾಗಲಿಲ್ಲ. ಮಾಬ್ಲಣ್ಣ ಅರ್ಥ ಹೇಳುತ್ತ ಕೂರಲೂ ಇಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ, ಯಂತ್ರ ನಿಂತದ್ದು ಅಂಗಳದಲ್ಲೋ ಕೊಟ್ಟಿಗೆಯಲ್ಲೋ, ಲಿವರಿನ ಮೇಲೆ ಏನಾದರೂ ನೇತು ಹಾಕಿದ್ದೀರೋ ಎಂದು ಕೇಳುತ್ತ ಅವನ ಹಿಂದೆಯೇ ಅಂಗಡಿಯಿಂದ ಹೊರಬಂದು, ಕೇಳದೆಯೇ ಅವನ ಸ್ಕೂಟರಿನ ಹಿಂದೆ ಹತ್ತಿ ಕೂತ. ಭಟ್ಕಳದ ಬಸ್ಸು ಅವರ ಎದುರೇ ಹೊರಟಿತು.

"ಬಸ್ಸು ತಪ್ಪಿತಲ್ಲ ನಿಮ್ದು" ಎಂದ ದೇವು.

"ತಪ್ಪಲಿ. ಮೊದ್ಲು ಮನೆಗೆ ಫೋನು ಮಾಡಿ, ಅದರ ಹತ್ರ ಯಾರೂ ಹೋಗೂದು ಬೇಡ ಅಂದು ಹೇಳಿ" ಎಂದ ಮಾಬ್ಲಣ್ಣ.